ಕೃಷ್ಣಾ–ಘಟಪ್ರಭಾ ತೀರದ ನಾವೆಗಳು: ನೀರಿನ ಸೋರಿಕೆಯ ಪತ್ತೆ ಮತ್ತು ದುರಸ್ತಿಯ ಚಾರಿತ್ರಿಕ ಅವಲೋಕನ

ಪ್ರವೇಶಿಕೆ

ನದಿಯ ಚರಿತ್ರೆಯನ್ನು ಬರೆಯುವಾಗ ಅಣೆಕಟ್ಟು, ಕಾಲುವೆ, ಸೇತುವೆ ಮತ್ತು ಮಹಾಪೂರಗಳಿಗೆ ದೊರೆತಿರುವ ಸ್ಥಾನ ನದಿಯನ್ನು ದಾಟಿಸಿದ ನಾವೆಗಳಿಗೆ ದೊರೆತಿಲ್ಲ. ನಾವೆಗಳ ಕುರಿತು ಬರೆದವರೂ ಅವುಗಳ ಆಕಾರ, ಅಳತೆ ಮತ್ತು ಹೊರುವ ಭಾರವನ್ನು ಗಮನಿಸಿದಷ್ಟು ಅವುಗಳ ದುರಸ್ತಿಯನ್ನು ಗಮನಿಸಿಲ್ಲ. ಆದರೆ ನಾವೆ ನೀರಿಗಿಳಿದ ದಿನದಿಂದ ಅದು ಒಡೆದುಹೋಗುವ ದಿನದವರೆಗೆ ಅಂಬಿಗನ ಮುಖ್ಯ ಕಾಳಜಿ ಒಂದೇ: ಒಳಗೆ ಬರುವ ನೀರು ಎಲ್ಲಿಂದ ಬರುತ್ತಿದೆ, ಅದನ್ನು ಹೇಗೆ ತಡೆಯಬೇಕು ಎಂಬುದು. ಹುಟ್ಟು ಹಾಕುವುದನ್ನು ದಡದಲ್ಲಿ ನಿಂತವರೆಲ್ಲ ನೋಡುತ್ತಾರೆ. ಸೋರಿಕೆಯನ್ನು ಹುಡುಕುವ ಕೆಲಸವನ್ನು ನೋಡುವವರು ಕಡಿಮೆ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ನದೀತೀರವನ್ನು ಮುಂದಿಟ್ಟುಕೊಂಡು ಈ ಜ್ಞಾನದ ಸ್ವರೂಪವನ್ನು ಪ್ರಸ್ತುತ ಪ್ರಬಂಧದಲ್ಲಿ ಅವಲೋಕಿಸಲಾಗಿದೆ. ನದಿಯ ಹರಿವಿನ ರೀತಿ ಬದಲಾದಂತೆ ನಾವೆಯ ವಸ್ತು ಬದಲಾಯಿತು. ವಸ್ತು ಬದಲಾದಂತೆ ನೀರು ಸೋರುವ ಸ್ಥಳವೂ ಬದಲಾಯಿತು. ಆದರೆ ಸೋರಿಕೆಯನ್ನು ಹುಡುಕುವ ವಿವೇಕ ಮಾತ್ರ ಬಹುಮಟ್ಟಿಗೆ ಒಂದೇ ಆಗಿ ಉಳಿಯಿತು ಎಂಬುದು ಇಲ್ಲಿ ಪ್ರತಿಪಾದಿಸಲಿರುವ ಅಂಶ. ಆ ವಿವೇಕವನ್ನು ಉಳಿಸಿದ ವಾರ್ಷಿಕ ಕ್ರಮ ಸಡಿಲಗೊಂಡರೆ ಆಗುವ ಹಾನಿ ಎಂಥದು ಎಂಬುದನ್ನು ಕೊನೆಯಲ್ಲಿ ಪರಿಶೀಲಿಸಲಾಗಿದೆ.

ನದಿ, ಸಂಸ್ಥಾನ ಮತ್ತು ಕಡವು

ಕೃಷ್ಣೆ ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ ಹುಟ್ಟಿ ಬೆಳಗಾವಿ ಜಿಲ್ಲೆಯನ್ನು ಹಾಯ್ದು ಈ ಪ್ರದೇಶವನ್ನು ಪ್ರವೇಶಿಸುತ್ತದೆ. ಘಟಪ್ರಭೆ ಗೋಕಾಕದ ಜಲಪಾತವನ್ನಿಳಿದು ಮುಧೋಳ ಸೀಮೆಯ ಮೂಲಕ ಹರಿದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಎರಡೂ ನದಿಗಳು ಸಹ್ಯಾದ್ರಿಯ ಮಳೆಯನ್ನು ನಂಬಿದವು. ಆದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ದಡ ತುಂಬಿ ಹರಿದರೂ, ಅಣೆಕಟ್ಟುಗಳಿಗೆ ಮುಂಚಿನ ಕಾಲದಲ್ಲಿ ಬೇಸಿಗೆಯ ಹೊತ್ತಿಗೆ ಹಲವೆಡೆ ಮಡುಗಳಾಗಿ ಒಡೆದು ಕಾಲ್ನಡಿಗೆಯಲ್ಲಿ ದಾಟುವಂತಾಗುತ್ತಿದ್ದವು. ವರ್ಷದ ಒಂದು ಭಾಗ ನೀರಿನಲ್ಲಿ, ಇನ್ನೊಂದು ಭಾಗ ಒಣ ದಂಡೆಯ ಮೇಲೆ ಇರುವುದೇ ಇಲ್ಲಿಯ ನಾವೆಯ ಬಾಳು. ಇಲ್ಲಿಯ ಸೋರಿಕೆಗಳ ಮೂಲವೂ ಈ ಏರಿಳಿತದಲ್ಲಿಯೇ ಇದೆ.

ರಾಜಕೀಯವಾಗಿಯೂ ಈ ತೀರ ಒಂದೇ ಆಡಳಿತಕ್ಕೆ ಸೇರಿದ್ದುದಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನಕ್ಕೂ ಪಕ್ಕದ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಬೀಳಗಿ ಬ್ರಿಟಿಷ್ ಆಡಳಿತದಲ್ಲಿ ಮೊದಲು ಕಲಾದಗಿ, ಬಳಿಕ ಬಿಜಾಪುರ ಎಂದು ಹೆಸರಾದ ಜಿಲ್ಲೆಯ ಭಾಗವಾಗಿತ್ತು. 1948ರ ಮಾರ್ಚ್‌ನಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಳ್ಳುವವರೆಗೆ ಒಂದು ಆಡಳಿತದ ದಂಡೆಯಿಂದ ಇನ್ನೊಂದರ ದಂಡೆಗೆ ಜನರನ್ನು ಒಯ್ಯುವುದು ಅಂಬಿಗರ ನಿತ್ಯದ ಕೆಲಸವಾಗಿತ್ತು. ಬ್ರಿಟಿಷ್ ಪ್ರದೇಶದಲ್ಲಿ 1868ರ ಮುಂಬಯಿ ಕಡವು ಕಾಯ್ದೆ ಜಾರಿಗೆ ಬಂದು ಸಾರ್ವಜನಿಕ ಕಡವುಗಳ ಗುತ್ತಿಗೆ ಮತ್ತು ದಾಟುಸುಂಕಗಳು ಸರಕಾರದ ನಿಯಂತ್ರಣಕ್ಕೆ ಒಳಪಟ್ಟವು. ಇಂಥ ಆಡಳಿತಕ್ಕೆ ಕಡವು ಮುಖ್ಯವಾಗಿ ಉತ್ಪನ್ನದ ಬಾಬು. ನಾವೆಯನ್ನು ನೀರು ಸೋರದಂತೆ ಕಾಯುವ ಹೊಣೆ ಮಾತ್ರ ಅದನ್ನು ನಡೆಸುವವನ ಕೈಯಲ್ಲಿಯೇ ಇತ್ತು.

ಕನ್ನಡದಲ್ಲಿ ‘ಅಂಬಿ’ ಎಂದರೆ ನಾವೆ. ಅದನ್ನು ನಡೆಸುವವನು ಅಂಬಿಗ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನು ತನ್ನ ವೃತ್ತಿಯ ಹೆಸರನ್ನೇ ವಚನಗಳಲ್ಲಿ ಅಂಕಿತವಾಗಿ ಇಟ್ಟುಕೊಂಡದ್ದು ಈ ಕಾಯಕಕ್ಕೆ ದೊರೆತ ಹಿರಿಯ ಗೌರವ. ಇದೇ ಜಿಲ್ಲೆಯ ಐಹೊಳೆಯ ಮೇಗುತಿ ಜಿನಾಲಯದ 634ರ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಿಕೇಶಿಯ ನೂರಾರು ಹಡಗುಗಳ ದಾಳಿಯನ್ನು ವರ್ಣಿಸಿದ್ದಾನೆ. ಸಮುದ್ರದ ಹಡಗಿಗೆ ಕಾವ್ಯದಲ್ಲಿ ಇಂಥ ಸ್ಥಾನ ದೊರೆತಿದೆ. ನದಿಯ ಹರಗೋಲಿನ ಚರಿತ್ರೆಯನ್ನಾದರೋ ಅದರ ವಸ್ತುವಿನಿಂದಲೇ ಓದಿಕೊಳ್ಳಬೇಕಾಗಿದೆ.

ಹರಗೋಲು: ಚರ್ಮದ ಹೊದಿಕೆಯ ಸೋರಿಕೆ

ಬಯಲುಸೀಮೆಯ ನದಿಗಳ ಪ್ರಾತಿನಿಧಿಕ ನಾವೆ ಹರಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಗೆ ಹೋಗಲು ಜನರು ಬುಟ್ಟಿಯಂತಿರುವ ದುಂಡನೆಯ ನಾವೆಗಳಲ್ಲಿ ನದಿ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನರನ್ನು ಹೊರುವ ಸಾಮರ್ಥ್ಯ, ಮುಂದೆ ಸಾಗುವಾಗ ಸುತ್ತುವ ಗುಣ ಇವೆಲ್ಲವನ್ನೂ ಅವನು ಗಮನಿಸಿದ್ದಾನೆ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಉತ್ತರ ಕರ್ನಾಟಕಕ್ಕೆ ಬಂದ ಆರ್ಥರ್ ವೆಲ್ಲೆಸ್ಲಿಯ ಸೈನ್ಯವೂ ಮಳೆಗಾಲದ ನದಿಗಳನ್ನು ದಾಟಲು ಚರ್ಮ ಹೊದಿಸಿದ ಬುಟ್ಟಿನಾವೆಗಳನ್ನೇ ಆಶ್ರಯಿಸಬೇಕಾಯಿತು.

ದೊಡ್ಡ ಹಲಗೆಗಳಿಗೆ ಯೋಗ್ಯವಾದ ಮರ ವಿರಳವಾದ ಸೀಮೆಯಲ್ಲಿ ಬಿದಿರು ಮತ್ತು ತೊಗಲು ಸುಲಭವಾಗಿ ಒದಗುವ ವಸ್ತುಗಳು. ಅಲ್ಲದೆ ಬಂಡೆಗಳಿರುವ ಆಳವಿಲ್ಲದ ಪಾತ್ರದಲ್ಲಿ ಹಲಗೆ ಸೀಳುತ್ತದೆ, ಹರಗೋಲು ಬಾಗುತ್ತದೆ. ಆದರೆ ತೊಗಲಿಗೆ ಎರಡು ಶತ್ರುಗಳು. ಸದಾ ನೀರಿನಲ್ಲಿದ್ದರೆ ಅದು ಕೊಳೆಯುತ್ತದೆ. ಸದಾ ಬಿಸಿಲಿನಲ್ಲಿದ್ದರೆ ಸೆಟೆದು ಬಿರುಕು ಬಿಡುತ್ತದೆ. ಆದ್ದರಿಂದ ಹರಗೋಲನ್ನು ಕೆಲಸವಿಲ್ಲದಾಗ ದಡಕ್ಕೆಳೆದು ಬೋರಲು ಹಾಕಿ ಆರಿಸುವುದು, ತೊಗಲಿಗೆ ಎಣ್ಣೆ ಅಥವಾ ಕೊಬ್ಬನ್ನು ಸವರಿ ಮೆದುವಾಗಿಡುವುದು ಅದರ ರಕ್ಷಣೆಯ ಮೊದಲ ಪಾಠ. ನೀರು ಒಳಬರುವುದು ಬಹುತೇಕ ಎರಡು ತೊಗಲುಗಳನ್ನು ಕೂಡಿಸಿದ ಹೊಲಿಗೆಯಲ್ಲಿ, ಇಲ್ಲವೆ ಬಿದಿರಿನ ಮುರಿದ ದಬ್ಬೆ ಒಳಗಿನಿಂದ ಚುಚ್ಚಿದ ಕಡೆಯಲ್ಲಿ.

ಇಂಥ ತೂತನ್ನು ಹುಡುಕಲು ಬೇಕಾದ ಉಪಕರಣ ಸೂರ್ಯನ ಬೆಳಕು ಮಾತ್ರ. ಹರಗೋಲನ್ನು ತಲೆಕೆಳಗಾಗಿ ಎತ್ತಿ ನಿಲ್ಲಿಸಿ ಒಳಗಿನಿಂದ ನೋಡಿದರೆ ಸೂಜಿಯ ಮೊನೆಯಷ್ಟು ರಂಧ್ರವೂ ನಕ್ಷತ್ರದಂತೆ ಕಾಣುತ್ತದೆ. ಅದರ ಸುತ್ತ ಇದ್ದಿಲಿನ ಗುರುತು ಹಾಕಬೇಕು. ಓರೆಯಾಗಿ ಸೀಳಿದ ಬಿರುಕು ಬೆಳಕಿಗೆ ಕಾಣದೆ ಇರಬಹುದು. ಆಗ ಒಳಗೆ ನೀರು ಸುರಿದು, ಹೊರಮೈಯಲ್ಲಿ ಎಲ್ಲಿ ಹನಿ ಮೂಡುತ್ತದೆಂದು ಕಾಯಬೇಕು. ಮುಂದೆ ತೊಗಲಿನ ಸ್ಥಾನಕ್ಕೆ ಡಾಂಬರು ಬಳಿದ ಬಟ್ಟೆ, ಗೋಣಿ ಮತ್ತು ಪ್ಲಾಸ್ಟಿಕ್ ಹಾಳೆಗಳು ಬಂದವು. ಪರೀಕ್ಷೆಯ ಕ್ರಮ ಮಾತ್ರ ಬದಲಾಗಲಿಲ್ಲ. ತೇಪೆಯನ್ನು ಹೊರಗಿನಿಂದಲೇ ಹಾಕಬೇಕೆಂಬುದು ಇಲ್ಲಿಯ ನಿಯಮ. ಹೊರಗಿನ ತೇಪೆಯನ್ನು ನೀರಿನ ಒತ್ತಡವೇ ನಾವೆಗೆ ಒತ್ತಿ ಹಿಡಿಯುತ್ತದೆ. ಒಳಗಿನ ತೇಪೆಯನ್ನು ಅದೇ ಒತ್ತಡ ಕಿತ್ತು ಹಾಕುತ್ತದೆ. ಈ ತತ್ತ್ವ ಮುಂದಿನ ಎಲ್ಲ ಬಗೆಯ ನಾವೆಗಳಿಗೂ ಅನ್ವಯಿಸುತ್ತದೆ.

ಹಲಗೆಯ ದೋಣಿ: ಒಣಗಿದ ಮರದ ಬಾಯಿ

ಬಂಡಿ, ಎತ್ತು ಮತ್ತು ಸಂತೆಯ ಸರಕನ್ನು ದಾಟಿಸಬೇಕಾದ ದೊಡ್ಡ ಕಡವಿಗೆ ಹಲಗೆಯ ದೋಣಿ ಬೇಕು. ಅದರ ರೋಗ ಬೇರೆ. ನೀರು ಇಳಿದ ಮೇಲೆ ದಂಡೆಯ ಮೇಲೆ ನಿಂತ ದೋಣಿ ಬೇಸಿಗೆಯ ಬಿಸಿಲಿಗೆ ಒಣಗುತ್ತದೆ, ಹಲಗೆ ಕುಗ್ಗುತ್ತದೆ, ಎರಡು ಹಲಗೆಗಳ ನಡುವಿನ ಸಂದು ಬಾಯಿ ಬಿಡುತ್ತದೆ. ಮುಂಗಾರಿನಲ್ಲಿ ಅದನ್ನು ಹಾಗೆಯೇ ನೀರಿಗಿಳಿಸಿದರೆ ಎಲ್ಲ ಸಂದುಗಳಿಂದಲೂ ನೀರು ಒಸರುತ್ತದೆ. ಅದನ್ನು ಕಂಡು ದೋಣಿ ಕೆಟ್ಟಿತೆಂದು ತಿಳಿಯುವುದು ತಪ್ಪು. ಮರ ನೀರು ಕುಡಿದು ಉಬ್ಬಿದಂತೆ ಬಹಳಷ್ಟು ಸಂದುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಹೀಗಾಗಿ ದಡದ ಆಳವಿಲ್ಲದ ನೀರಿನಲ್ಲಿ ದೋಣಿಯನ್ನು ಕೆಲವು ದಿನ ನೆನೆಹಾಕಿ, ಆ ಮೇಲೂ ಸೋರುವ ಸಂದುಗಳನ್ನು ಮಾತ್ರ ದುರಸ್ತಿಗೆ ಆರಿಸಿಕೊಳ್ಳುವುದು ಸರಿಯಾದ ಕ್ರಮ.

ಇದಕ್ಕೆ ವ್ಯತಿರಿಕ್ತವಾಗಿ, ಪೂರ್ತಿ ಒಣಗಿದ ದೋಣಿಯ ಸಂದುಗಳಿಗೆ ಹತ್ತಿಯನ್ನು ಬಿಗಿಯಾಗಿ ಗಿಡಿದರೆ ಮರ ಉಬ್ಬಿದಾಗ ಅದಕ್ಕೆ ಜಾಗ ಸಾಲದೆ ಮೊಳೆಗಳು ಸಡಿಲಗೊಳ್ಳುತ್ತವೆ, ಹಲಗೆಯ ಅಂಚು ಸೀಳುತ್ತದೆ. ಸೋರಿಕೆಯನ್ನು ತಡೆಯುವ ಅವಸರವೇ ಹೊಸ ಸೋರಿಕೆಗೆ ಕಾರಣವಾಗುವುದು ಹೀಗೆ.

ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಈ ಕೆಲಸ ಹೆಚ್ಚು ವ್ಯವಸ್ಥಿತವಾಗಿ ಬೆಳೆದಿತ್ತು. ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಕಟ್ಟುವುದು, ಸಂದಿಗೆ ಹತ್ತಿ ತುಂಬಿ ರಾಳ ಮತ್ತು ಎಣ್ಣೆಯ ಪಾಕವನ್ನು ಬಳಿಯುವುದು, ತಳಕ್ಕೆ ಸುಣ್ಣ ಹಾಗೂ ಎಣ್ಣೆಯ ಲೇಪ ಹಚ್ಚುವುದು ಪಶ್ಚಿಮ ಕರಾವಳಿಯ ಪ್ರಸಿದ್ಧ ವಿಧಾನಗಳು. ಒಳನಾಡಿನ ದೋಣಿಗೂ ಇದೇ ತತ್ತ್ವ ಸಲ್ಲುತ್ತದೆಯಾದರೂ ಒಂದು ವ್ಯತ್ಯಾಸವುಂಟು. ಕಡಲಿನ ಹಡಗು ವರ್ಷದ ಬಹುಭಾಗ ನೀರಿನಲ್ಲಿದ್ದು ಮಳೆಗಾಲದಲ್ಲಿ ದಡ ಸೇರುತ್ತದೆ. ಕೃಷ್ಣೆಯ ದೋಣಿ ಮಳೆಗಾಲದಲ್ಲಿಯೇ ನೀರಿಗಿಳಿಯುತ್ತದೆ. ಅಲ್ಲಿ ದುರಸ್ತಿಯ ಕಾಲ ಮುಂಗಾರು. ಇಲ್ಲಿ ಮೃಗಶಿರಾ ಮಳೆಗೆ ಮೊದಲಿನ ಬೇಸಿಗೆಯ ಕೊನೆಯ ವಾರಗಳು. ರೈತನು ಕೂರಿಗೆ ಕುಂಟೆಗಳನ್ನು ಸಜ್ಜುಗೊಳಿಸುವ ಕಾಲದಲ್ಲಿಯೇ ಅಂಬಿಗನು ನಾವೆಯನ್ನೂ ಸಜ್ಜುಗೊಳಿಸಬೇಕಾಗಿತ್ತು.

ಕೋಣೆಯುಳ್ಳ ನಾವೆ: ಮೇಲಿನ ನೀರು, ಕೆಳಗಿನ ನೀರು

ಹರಗೋಲು ಮತ್ತು ಕಡವಿನ ದೋಣಿ ತೆರೆದ ನಾವೆಗಳು. ಛಾವಣಿ ಮತ್ತು ಕೋಣೆಗಳುಳ್ಳ ನಾವೆಯ ಕಲ್ಪನೆಯೂ ಭಾರತಕ್ಕೆ ಹೊಸದಲ್ಲ. ಭೋಜನದೆಂದು ಹೇಳಲಾಗುವ ‘ಯುಕ್ತಿಕಲ್ಪತರು’ ಎಂಬ ಸಂಸ್ಕೃತ ಗ್ರಂಥವು ಕೋಣೆಯ ಸ್ಥಾನವನ್ನು ಆಧರಿಸಿ ನಾವೆಗಳನ್ನು ಸರ್ವಮಂದಿರಾ, ಮಧ್ಯಮಂದಿರಾ, ಅಗ್ರಮಂದಿರಾ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ನಡುವೆ ಕೋಣೆಯುಳ್ಳ ಮಧ್ಯಮಂದಿರಾ ಮಳೆಗಾಲಕ್ಕೂ ರಾಜರ ವಿಹಾರಕ್ಕೂ ಯೋಗ್ಯವೆಂದು, ಮುಂಭಾಗದಲ್ಲಿ ಕೋಣೆಯುಳ್ಳ ಅಗ್ರಮಂದಿರಾ ಮಳೆ ಕಳೆದ ಮೇಲಿನ ದೀರ್ಘ ಪ್ರಯಾಣಕ್ಕೆ ಯೋಗ್ಯವೆಂದು ಅದು ಹೇಳುತ್ತದೆ. 1912ರಲ್ಲಿ ಪ್ರಕಟವಾದ ರಾಧಾಕುಮುದ ಮುಖರ್ಜಿಯವರ ಭಾರತೀಯ ನೌಕಾಯಾನದ ಇತಿಹಾಸದಿಂದ ಈ ವಿಂಗಡಣೆ ವಿದ್ವಾಂಸರ ಗಮನಕ್ಕೆ ಬಂದಿತು.

ಕೋಣೆ ಬಂದೊಡನೆ ಸೋರಿಕೆಯ ಪ್ರಶ್ನೆ ಜಟಿಲವಾಗುತ್ತದೆ. ತೆರೆದ ದೋಣಿಯಲ್ಲಿ ನೀರು ಬರುವ ಸ್ಥಳವನ್ನು ಕಣ್ಣಾರೆ ಕಾಣಬಹುದು. ಕೋಣೆಯುಳ್ಳ ನಾವೆಯಲ್ಲಿ ನೆಲಹಾಸು ಮತ್ತು ಒಳಗೋಡೆಗಳು ಅದನ್ನು ಮರೆಮಾಡುತ್ತವೆ. ಅಲ್ಲದೆ ನೀರು ನಾಲ್ಕು ಮೂಲಗಳಿಂದ ಬರಬಹುದು: ತಳದಿಂದ ನದಿಯ ನೀರು, ಛಾವಣಿ ಹಾಗೂ ಕಿಟಕಿಯ ಚೌಕಟ್ಟಿನಿಂದ ಮಳೆಯ ನೀರು, ಒಳಗಿನ ತೊಟ್ಟಿ ಮತ್ತು ಕೊಳವೆಗಳ ನೀರು, ತಂಪಾದ ಗೋಡೆಯ ಮೇಲೆ ಉಸಿರಿನ ಹಬೆ ಕೂಡಿ ಆದ ಬೆವರು. ಇವೆಲ್ಲವೂ ಕೊನೆಗೆ ತಳದ ತಗ್ಗಿನಲ್ಲಿ ಒಂದಾಗುತ್ತವೆ. ನೀರು ಕಂಡ ಸ್ಥಳವೇ ಅದು ಬಂದ ಸ್ಥಳವಲ್ಲ ಎಂಬುದು ಈ ಶೋಧದ ಮೂಲಸೂತ್ರ.

ಕಡಲಿನಲ್ಲಿ ನಾವಿಕನು ನಾಲಿಗೆಯ ಮೇಲೆ ಹನಿ ಇಟ್ಟು ಉಪ್ಪಾದರೆ ಕೆಳಗಿನ ನೀರು, ಸಪ್ಪೆಯಾದರೆ ಮೇಲಿನ ನೀರು ಎಂದು ನಿರ್ಣಯಿಸುತ್ತಾನೆ. ಕೃಷ್ಣೆಯಲ್ಲಿ ಈ ಪರೀಕ್ಷೆ ನಡೆಯದು, ಎರಡೂ ಸಿಹಿನೀರೇ. ಇಲ್ಲಿ ರುಚಿಯ ಬದಲು ಬಣ್ಣ ಸಾಕ್ಷಿಯಾಗುತ್ತದೆ. ಮಳೆಗಾಲದ ನದಿ ಕೆಸರನ್ನು ಹೊತ್ತು ಹರಿಯುವುದರಿಂದ ಒಸರಿದ ನೀರು ಆರಿದ ಮೇಲೆ ಸಂದಿನ ಬದಿಯಲ್ಲಿ ನವಿರಾದ ಮಣ್ಣಿನ ಗೆರೆಯನ್ನು ಉಳಿಸುತ್ತದೆ. ಮಳೆಯ ನೀರು ತಿಳಿಯಾಗಿದ್ದು, ಒಳಗೋಡೆಯ ಮೇಲೆ ಇಳಿಗೆರೆಯನ್ನು ಮಾತ್ರ ಬಿಡುತ್ತದೆ. ಬೇಸಿಗೆಯಲ್ಲಿ ನದಿ ತಿಳಿಯಾದಾಗ ಈ ಸಾಕ್ಷಿ ಮರೆಯಾಗುತ್ತದೆ. ಆಗ ನೀರು ಯಾವಾಗ ಹೆಚ್ಚುತ್ತದೆ ಎಂದು ಕೇಳಬೇಕು. ಮಳೆಯಿಲ್ಲದ ದಿನ ಕಟ್ಟಿಹಾಕಿದ ನಾವೆಯಲ್ಲಿಯೂ ಏರಿದರೆ ದೋಷ ತಳದಲ್ಲಿ, ಮಳೆ ಬಂದಾಗ ಮಾತ್ರ ಏರಿದರೆ ಮೇಲ್ಭಾಗದಲ್ಲಿ. ಯಂತ್ರ ಓಡಿದಾಗ ಮಾತ್ರ ಏರಿದರೆ ಪಂಖದ ದಂಡ ನಾವೆಯಿಂದ ಹೊರಹೋಗುವ ರಂಧ್ರವನ್ನು ನೋಡಬೇಕು. ಅಲ್ಲಿಯ ಗ್ರೀಸು ಮತ್ತು ನಾರಿನ ಅಡಕ ಸವೆದಿರುವುದು ಸಾಮಾನ್ಯ.

ಇದರ ನಂತರದ ಹಂತಗಳು ತಾಳ್ಮೆಯವು. ತಳದ ನೀರನ್ನೆಲ್ಲ ಬಸಿದು ಬಟ್ಟೆಯಿಂದ ಒರೆಸಿ ಒಣಗಿಸಬೇಕು. ತಳವನ್ನು ಭಾಗಗಳಾಗಿ ವಿಂಗಡಿಸಿ ಒಣ ಬಟ್ಟೆ ಹಾಸಿ, ಇಲ್ಲವೆ ಸೀಮೆಸುಣ್ಣದ ಪುಡಿ ಉದುರಿಸಿ, ಮೊದಲು ಒದ್ದೆಯಾದ ಭಾಗವನ್ನು ಗುರುತಿಸಬೇಕು. ಮೇಲ್ಭಾಗದ ಪರೀಕ್ಷೆಗೆ ಹೊರಗಿನಿಂದ ನೀರು ಬಿಡುವಾಗ ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲ ಸಂದುಗಳೂ ಒಟ್ಟಿಗೆ ನೆನೆದು ಯಾವುದು ದೋಷಿಯೆಂದು ತಿಳಿಯುವುದಿಲ್ಲ. ಕಿಟಕಿಯ ಸಂದು ಸೋರಿದರೆ ಹಳೆಯ ಅಂಟಿನ ಮೇಲೆಯೇ ಹೊಸದನ್ನು ಬಳಿಯುವುದು ಕೆಲವು ದಿನಗಳ ಸಮಾಧಾನ ಮಾತ್ರ. ಚೌಕಟ್ಟನ್ನು ಬಿಚ್ಚಿ, ಹಳೆಯದನ್ನು ಕೆರೆದು, ಒಣಗಿಸಿ ಮತ್ತೆ ಕೂಡಿಸಬೇಕು.

ಸಣ್ಣ ತೂತನ್ನು ಕಡೆಗಣಿಸಬಾರದೆಂಬ ಎಚ್ಚರಿಕೆಗೆ ಲೆಕ್ಕದ ಆಧಾರವೂ ಇದೆ. ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ 1 ಸೆಂಟಿಮೀಟರ್ ವ್ಯಾಸದ ರಂಧ್ರವಿದ್ದರೆ ಗಂಟೆಗೆ ಸುಮಾರು 500 ಲೀಟರ್, ಅಂದರೆ ಅರ್ಧ ಟನ್ ನೀರು ಒಳಬರುತ್ತದೆ. ಆ ನೀರು ನಿಂತಲ್ಲಿ ನಿಲ್ಲುವುದಿಲ್ಲ. ನಾವೆ ಓಲಿದ ಕಡೆಗೆ ತಾನೂ ಹರಿದು ಓಲಾಟವನ್ನು ಹೆಚ್ಚಿಸುತ್ತದೆ. ಭಾರದಿಂದ ಮುಳುಗುವುದಕ್ಕೆ ಮುಂಚೆಯೇ ನಾವೆ ಮಗುಚಲು ಈ ಚಲಿಸುವ ನೀರು ಸಾಕು. ಮೇಲೆ ಕೋಣೆಯ ಭಾರವನ್ನು ಹೊತ್ತ ನಾವೆಗೆ ಈ ಅಪಾಯ ಇನ್ನೂ ಹೆಚ್ಚು.

ಬಾಂದಾರ, ಹಿನ್ನೀರು ಮತ್ತು ಹೊಸ ವಸ್ತುಗಳು

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ನದಿಗಳ ಸ್ವಭಾವವೇ ಬದಲಾಯಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದರು. ಮುಂದೆ ಅದರ ಹಿನ್ನೀರು ಬೀಳಗಿ ಮತ್ತು ಬಾಗಲಕೋಟೆ ಸೀಮೆಯ ಅನೇಕ ಗ್ರಾಮಗಳನ್ನು ಆವರಿಸಿತು. 1989ರಲ್ಲಿ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಜಮಖಂಡಿ ಭಾಗದ ರೈತರು ತಮ್ಮ ಹಣ ಮತ್ತು ಶ್ರಮದಾನದಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ‘ಶ್ರಮಬಿಂದು ಸಾಗರ’ವೆಂದು ಹೆಸರಾದ ಈ ಕಾರ್ಯ ನಾಡಿನ ಸಹಕಾರ ಚರಿತ್ರೆಯಲ್ಲಿ ವಿಶಿಷ್ಟವಾದುದು. ಮುಂದೆ ಹಿಪ್ಪರಗಿ ಬ್ಯಾರೇಜೂ ಸೇರಿ, ಬೇಸಿಗೆಯಲ್ಲಿ ಬತ್ತುತ್ತಿದ್ದ ಪಾತ್ರ ನೀರು ನಿಲ್ಲುವ ಜಲಾಶಯವಾಯಿತು.

ನೀರು ತಡೆಯುವ ಬಾಂದಾರಕ್ಕೂ ನೀರು ತಡೆಯುವ ನಾವೆಗೂ ಕೌಶಲದ ನಂಟಿದೆ. ಕೊಲ್ಹಾಪುರ ಮಾದರಿಯ ಬಾಂದಾರಗಳಲ್ಲಿ ಹಲಗೆಗಳ ಎರಡು ಸಾಲುಗಳ ನಡುವೆ ಜಿಗುಟಾದ ಮಣ್ಣನ್ನು ತುಂಬಿ ಸೋರಿಕೆಯನ್ನು ನಿಲ್ಲಿಸಲಾಗುತ್ತದೆ. ನೆನೆದಾಗ ಉಬ್ಬಿ ಸಂದನ್ನು ಮುಚ್ಚುವ ಮಣ್ಣಿನ ಗುಣವೂ, ನೆನೆದಾಗ ಉಬ್ಬಿ ಸಂದನ್ನು ಮುಚ್ಚುವ ದೋಣಿಯ ಮರದ ಗುಣವೂ ಒಂದೇ ತತ್ತ್ವದ ಎರಡು ರೂಪಗಳು.

ವರ್ಷವಿಡೀ ನೀರು ನಿಂತ ಮೇಲೆ ಮೀನುಗಾರಿಕೆಗೂ ಸಾಗಾಟಕ್ಕೂ ಕಬ್ಬಿಣದ ತಗಡು ಮತ್ತು ಗಾಜಿನೆಳೆಯ ಫೈಬರ್ ದೋಣಿಗಳು ಬಂದವು. ಇವು ಬಿಸಿಲಿಗೆ ಕುಗ್ಗುವುದಿಲ್ಲ, ಸಂದು ಬಿಡುವುದಿಲ್ಲ. ಹೀಗಾಗಿ ವಾರ್ಷಿಕ ದುರಸ್ತಿ ಇನ್ನು ಅನಗತ್ಯವೆಂಬ ಭಾವನೆ ಬೆಳೆಯುವುದು ಸಹಜ. ಆದರೆ ಇವುಗಳ ರೋಗ ಕಣ್ಣಿಗೆ ಕಾಣದಂತೆ ಬೆಳೆಯುತ್ತದೆ. ತಗಡಿನ ದೋಣಿ ತಳದಲ್ಲಿ ನಿಂತ ನೀರಿನಿಂದ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ತಗಡು ಗಣಗಣಿಸಿದರೆ ತೆಳುವಾದ ತಗಡು ಮಂಕಾಗಿ ನುಡಿಯುತ್ತದೆ. ಫೈಬರ್ ದೋಣಿ ಬಂಡೆಗೆ ತಾಗಿದಾಗ ಕೂದಲೆಳೆಯ ಬಿರುಕು ಬಿಟ್ಟು, ಅದರ ಮೂಲಕ ನೀರು ಪದರಗಳ ನಡುವೆ ಇಳಿಯುತ್ತದೆ. ಅದನ್ನು ಮೇಲೆ ಮೆತ್ತಿ ಮುಚ್ಚಲಾಗದು. ಬಿರುಕಿನ ಸುತ್ತ ಇಳಿಜಾರಾಗಿ ಉಜ್ಜಿ ತೆಗೆದು, ಪೂರ್ತಿ ಒಣಗಿಸಿ, ಗಾಜಿನೆಳೆಯ ಹಾಸನ್ನು ರಾಳದಿಂದ ಪದರ ಪದರವಾಗಿ ಕೂಡಿಸಬೇಕು. ಒದ್ದೆ ಮೈಗೆ ಈ ರಾಳ ಹತ್ತುವುದಿಲ್ಲ. ಎಂದರೆ ಇದಕ್ಕೂ ಬೇಸಿಗೆಯೇ ತಕ್ಕ ಕಾಲ. ವಸ್ತು ಹೊಸದಾದರೂ ದುರಸ್ತಿಯ ಪಂಚಾಂಗ ಹಳೆಯದೇ.

ಮಹಾಪೂರದ ಸಾಕ್ಷ್ಯ

ಸೇತುವೆಗಳು ಬಂದ ಮೇಲೆ ಕಡವುಗಳ ನಿತ್ಯದ ಅವಶ್ಯಕತೆ ಕುಗ್ಗಿತು. ಆದರೆ ಸೇತುವೆಯೇ ಮುಳುಗುವ ದಿನ ನಾವೆ ಮತ್ತೆ ಬೇಕಾಗುತ್ತದೆ. 2005, 2009, 2019 ಮತ್ತು 2021ರ ಪ್ರವಾಹಗಳು ಇದನ್ನು ಮತ್ತೆ ಮತ್ತೆ ನೆನಪಿಸಿದವು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಏಕಕಾಲಕ್ಕೆ ಉಕ್ಕಿ, ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಅಧಿಕ ನೀರನ್ನು ಹೊರಬಿಡಬೇಕಾಯಿತು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದ ಅನೇಕ ಗ್ರಾಮಗಳು ಜಲಾವೃತವಾಗಿ ಜನರನ್ನೂ ಜಾನುವಾರುಗಳನ್ನೂ ದೋಣಿಗಳಲ್ಲಿ ಸಾಗಿಸಲಾಯಿತು.

ಇಲ್ಲಿ ಒಂದು ವೈರುಧ್ಯವನ್ನು ಗಮನಿಸಬೇಕು. ನಿತ್ಯ ನಡೆಯುವ ನಾವೆಯ ಸೋರಿಕೆ ನಿತ್ಯವೂ ತಿಳಿಯುತ್ತದೆ. ವರ್ಷಗಟ್ಟಲೆ ಬೋರಲಾಗಿ ಬಿದ್ದ ನಾವೆಯ ಸೋರಿಕೆ ನಡುನೀರಿನಲ್ಲಿ, ಜನ ತುಂಬಿದ ಮೇಲೆ ತಿಳಿಯುತ್ತದೆ. ರಕ್ಷಣಾ ಪಡೆಗಳ ಗಾಳಿ ತುಂಬುವ ದೋಣಿಗೂ ಈ ಮಾತು ಸಲ್ಲುತ್ತದೆ. ಮಡಿಸಿಟ್ಟ ರಬ್ಬರು ಮಡಿಕೆಗಳಲ್ಲಿಯೇ ಸೀಳುವುದರಿಂದ ಗಾಳಿ ತುಂಬಿ ಸಾಬೂನಿನ ನೀರು ಸವರಿ ಗುಳ್ಳೆ ಏಳುವುದನ್ನು ಮೊದಲೇ ನೋಡಬೇಕಾಗುತ್ತದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳಲ್ಲಿ ಘಟಪ್ರಭೆಯೂ ಸೇರಿದೆ. 1917ರ ಕಾಯ್ದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯು ನೌಕೆಗಳ ಸಮೀಕ್ಷೆ ಮತ್ತು ನೋಂದಣಿಯನ್ನು ವಿಧಿಸುತ್ತದೆ. ಕಾಯ್ದೆಯ ಸಮೀಕ್ಷೆ ನಿಗದಿತ ದಿನದ್ದು. ಸೋರಿಕೆಗೆ ನಿಗದಿತ ದಿನವಿಲ್ಲ. ಈ ಅಂತರವನ್ನು ತುಂಬುತ್ತಿದ್ದುದು ಅಂಬಿಗರ ವಾರ್ಷಿಕ ರೂಢಿ.

ಸಮಾರೋಪ

ಮೇಲಿನ ಅವಲೋಕನದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ತೊಗಲಿನ ಹೊಲಿಗೆ, ಹಲಗೆಯ ಸಂದು, ಕೋಣೆಯ ಕಿಟಕಿ, ತಗಡಿನ ತುಕ್ಕು, ಫೈಬರಿನ ಬಿರುಕು ಹೀಗೆ ನೀರು ನುಗ್ಗುವ ದಾರಿ ಕಾಲದಿಂದ ಕಾಲಕ್ಕೆ ಬದಲಾಗಿದೆ. ಒಣಗಿಸಿ ನೋಡುವುದು, ಕಂಡ ಸ್ಥಳದಿಂದ ಬಂದ ಸ್ಥಳಕ್ಕೆ ಹಿಂದಿರುಗಿ ಶೋಧಿಸುವುದು, ಹೊರಗಿನಿಂದ ಮುಚ್ಚುವುದು, ಜನರನ್ನು ಹತ್ತಿಸುವ ಮೊದಲು ನೀರಿನಲ್ಲಿ ಪರೀಕ್ಷಿಸುವುದು ಎಂಬ ನಾಲ್ಕು ಸೂತ್ರಗಳು ಬದಲಾಗಿಲ್ಲ. ನದೀತೀರದ ಚರಿತ್ರೆಯನ್ನು ರಚಿಸುವವರು ಕಡವಿನ ಸುಂಕ ಮತ್ತು ಗುತ್ತಿಗೆಗಳ ಜೊತೆಗೆ ಈ ಸೂತ್ರಗಳನ್ನು, ಅವುಗಳಿಗೆ ಸಂಬಂಧಿಸಿದ ಪದಸಂಪತ್ತನ್ನು ಅಂಬಿಗ ಸಮುದಾಯದ ಹಿರಿಯರಿಂದ ಸಂಗ್ರಹಿಸುವುದು ತುರ್ತಿನ ಕೆಲಸ. ಕಡವುಗಳು ಮುಚ್ಚಿದಂತೆ ಈ ಮಾತುಗಳೂ ಬಳಕೆ ತಪ್ಪುತ್ತವೆ.

ಪ್ರತಿ ಬೇಸಿಗೆಯ ಕೊನೆಗೆ, ನದಿ ಇನ್ನೂ ಶಾಂತವಾಗಿರುವಾಗಲೇ ತೀರದ ಊರುಗಳ ನಾವೆಗಳನ್ನು ನೀರಿಗಿಳಿಸಿ ನೋಡುವ ರೂಢಿಯನ್ನು ಪುನಃ ಜಾರಿಗೆ ತಂದರೆ ಅದು ಪರಂಪರೆಯ ಸಂರಕ್ಷಣೆಯೂ ಆದೀತು, ಜೀವಗಳ ಸಂರಕ್ಷಣೆಯೂ ಆದೀತು.